ಅಳಿವೆಯ ಹಸಿರು ಬಕ



ಪ್ರತಿವರ್ಷವೂ ಮಳೆಗಾಲ ಹಿಡಿದ ಹೊಸತರಲ್ಲಿ, ನಿಟ್ಟೆಯ ನಮ್ಮ ತರಗತಿಯಲ್ಲಿ ನಾವು ಕೀಟ್ಸ್ ಕವಿಯ ನೈಟಿಂಗೇಲ್ ಗೀತವನ್ನು ಪಾಠ ಹೇಳುತ್ತೇವೆ. ೧೮೧೯ರಲ್ಲಿ ಆ ಕವಿ ಲಂಡನ್ನಿನ ಬಳಿಯ ಒಂದು ತೋಟದಲ್ಲಿ ಕುಳಿತು ಕೇಳಿದ ಹಕ್ಕಿಯ ದನಿಯನ್ನು, ಆಟಿ ತಿಂಗಳ ಮಳೆಯ ಆರ್ಭಟವನ್ನು ಮೀರಿಸುವಂತೆ ಗಂಟಲೆತ್ತರಿಸಿ ಬಣ್ಣಿಸುತ್ತೇವೆ. ಬಣ್ಣಿಸುವ ನಮಗಾಗಲಿ, ಕೇಳುವ ವಿದ್ಯಾರ್ಥಿಗಳಿಗಾಗಲಿ ಆ ಪಕ್ಷಿಯ ದರ್ಶನವೂ ಇಲ್ಲ, ಶ್ರವಣವೂ ಇಲ್ಲ. ಇದರಲ್ಲಿ ವಿಪರೀತವೇನಾದರೂ ಉಂಟೆಂದು ನಮಗೆ ಬಹುಕಾಲ ತೋರಿರಲಿಲ್ಲ. ಕೆಲವು ವರ್ಷಗಳ ಹಿಂದೆ ಕಡೆಯ ಬೆಂಚಿನ ಹುಡುಗನೊಬ್ಬ, ಸಾಮಾನ್ಯವಾಗಿ ಬಾಯಿ ತೆರೆಯದವನು, ಎದ್ದು ನಿಂತು, “ಸರ್, ಈ ಹಕ್ಕಿಯನ್ನು ನೀವು ನೋಡಿದ್ದುಂಟಾ?” ಎಂದು ಕೇಳಿದ. ಇಲ್ಲವೆಂದೆವು. “ನಮ್ಮ ಹೊಳೆಯಲ್ಲಿ ಒಂದು ಹಕ್ಕಿ ಉಂಟು ಸರ್. ಅದನ್ನೂ ನೀವು ನೋಡಿರಲಿಕ್ಕಿಲ್ಲ” ಎಂದ. ತರಗತಿ ನಕ್ಕಿತು. ನಾವೂ ನಕ್ಕೆವು. ಆದರೆ ಆ ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಕೊಂಡಿತು.

ಹುಡುಗನ ಹೊಳೆ ಯಾವುದೆಂದರೆ ಶಾಂಭವಿ. ನಿಟ್ಟೆಯಿಂದ ಬೆಳ್ಮಣ್ಣು, ನಂದಿಕೂರು ಮಾರ್ಗವಾಗಿ ಪಡುಬಿದ್ರಿಗಿಳಿದು ತೆಂಕಲಿಗೆ ತಿರುಗಿದರೆ ಹೆಜಮಾಡಿ ಸಿಕ್ಕುತ್ತದೆ. ಅದರಾಚೆಗೆ ಶಾಂಭವಿ, ಶಾಂಭವಿಯ ಆಚೆಗೆ ಮೂಲ್ಕಿ. ಸಮುದ್ರವನ್ನು ಸೇರುವ ಮೊದಲು ಈ ನದಿ ಸಸಿಹಿತ್ಲಿನ ಬಳಿ ನಂದಿನಿಯನ್ನು ಕೂಡಿಕೊಂಡು ಅಗಲವಾದ ಅಳಿವೆಯನ್ನು ಮಾಡುತ್ತದೆ. ನಮ್ಮ ಪಶ್ಚಿಮ ಕರಾವಳಿಯ ನದಿಗಳೆಲ್ಲ ಮೋಟುನದಿಗಳು. ಘಟ್ಟದಿಂದ ಧುಮುಕಿ, ಹತ್ತಾರು ಹರದಾರಿ ಓಡಿ, ಕಡಲಿಗೆ ಬೀಳುತ್ತವೆ. ಗಂಗೆ ಗೋದಾವರಿಗಳಂತೆ ಕವಲುಕವಲಾಗಿ ಹರಡಿ, ಹೂಳನ್ನು ಬೀಸಣಿಗೆಯಾಕಾರವಾಗಿ ಹಾಸಿ, ದೊಡ್ಡ ಮುಖಜಭೂಮಿಯನ್ನು ಕಟ್ಟುವಷ್ಟು ವ್ಯವಧಾನ ಅವುಗಳಿಗಿಲ್ಲ. ಆದರೂ ಕಡಲಿನ ಉಬ್ಬರ ಒಳನುಗ್ಗುವಲ್ಲಿ ನೀರು ನಿಂತು, ಕುದ್ರುಗಳೆದ್ದು, ಅವುಗಳ ಅಂಚಿನಲ್ಲಿ ದಿನಕ್ಕೆ ಎರಡು ಬಾರಿ ಮುಳುಗಿ ಎರಡು ಬಾರಿ ಏಳುವ ಒಂದು ವಿಚಿತ್ರವಾದ ಕಾಡು ಬೆಳೆಯುತ್ತದೆ. ನಮ್ಮ ಜನ ಅದನ್ನು ಕಾಂಡ್ಲವೆನ್ನುತ್ತಾರೆ. ಈ ಹೆಸರನ್ನು ಹಳ್ಳಿಯ ಮಾತೆಂದು ತಿಳಿಯಬೇಡಿ. ಹದಿನೇಳನೆಯ ಶತಮಾನದಲ್ಲಿ ಕೊಚ್ಚಿಯ ಡಚ್ಚರ ಅಧಿಕಾರಿ ವಾನ್ ರೀಡೆ ಮಾಡಿಸಿದ ಹೋರ್ಟುಸ್ ಮಲಬಾರಿಕುಸ್ ಎಂಬ ಸಸ್ಯಗ್ರಂಥದಲ್ಲಿ ಮಲೆಯಾಳದ ಕಂಡಲ್ ಎಂಬ ಇದರ ಒಡಹುಟ್ಟು ಶಬ್ದ ದಾಖಲಾಗಿ, ಅಲ್ಲಿಂದ ಸಸ್ಯಶಾಸ್ತ್ರಕ್ಕೇರಿ, ಇಂದಿಗೂ ಒಂದು ಕುಲಕ್ಕೆ ಕಂಡೇಲಿಯ ಎಂದೇ ಹೆಸರು. ಜಗತ್ತಿನ ವಿದ್ವಾಂಸರು ನಮ್ಮ ಮೀನುಗಾರರ ಮಾತನ್ನು ಲ್ಯಾಟಿನ್ನಿನಲ್ಲಿ ಉಚ್ಚರಿಸುತ್ತಾರೆ. ನಾವು ನಗರವಾಸಿಗಳು ಮಾತ್ರ ಮ್ಯಾಂಗ್ರೋವ್ ಎನ್ನುತ್ತೇವೆ.

ಇಂಥ ಮುಳುಗುಕಾಡುಗಳಲ್ಲಿ ಅಡಗಿ ಬಾಳುವ ಪಕ್ಷಿಗಳೆಂದೊಡನೆ ಪಕ್ಷಿಶಾಸ್ತ್ರಜ್ಞರಿಗೆ ಮೊದಲು ನೆನಪಾಗುವುದು ಬಂಗಾಳದ ಸುಂದರವನ. ಅಲ್ಲಿ ಫಿನ್‌ಫುಟ್ ಎಂಬ ಒಂದು ನೀರುಹಕ್ಕಿ ಇದೆ. ಮುಖಕ್ಕೆ ಕಪ್ಪು ಮುಸುಕು, ಹಳದಿ ಕೊಕ್ಕು, ಬೆರಳುಗಳಿಗೆ ಹಾಲೆಹಾಲೆಯಾದ ಹಸಿರು ಪಾದ. ೨೦೨೦ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಇಡೀ ಪ್ರಪಂಚದಲ್ಲಿ ಉಳಿದಿರಬಹುದಾದವು ೧೦೮ರಿಂದ ೩೦೪ ಹಕ್ಕಿಗಳು ಮಾತ್ರ. ನಮ್ಮ ಶಾಂಭವಿಯ ಹಕ್ಕಿಗೆ ಅಂಥ ದುರ್ಗತಿ ಬಂದಿಲ್ಲ. ಆದುದರಿಂದಲೇ ಅದಕ್ಕೆ ಅಂಥ ಕೀರ್ತಿಯೂ ಇಲ್ಲ. ಏಷ್ಯ, ಆಫ್ರಿಕ, ಆಸ್ಟ್ರೇಲಿಯ, ದಕ್ಷಿಣ ಅಮೆರಿಕಗಳ ಉಷ್ಣಪ್ರದೇಶಗಳಲ್ಲೆಲ್ಲ ಅದು ಹರಡಿಕೊಂಡಿದೆ. ಲಿನ್ನೇಯಸ್ ಪಂಡಿತನು ೧೭೫೮ರಲ್ಲಿ ಅದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದ್ದು ದೂರದ ಸುರಿನಾಮ್ ದೇಶದ ಹಕ್ಕಿಯನ್ನು ಆಧಾರವಾಗಿಟ್ಟುಕೊಂಡು. ಕನ್ನಡದಲ್ಲಿ ಹಸಿರು ಬಕವೆನ್ನುತ್ತಾರೆ. ಹುಡುಗನ ತಂದೆಗೆ ಅದಕ್ಕೆಂದೇ ಬೇರೆ ಹೆಸರಿರಲಿಲ್ಲ. ತುಳುವಿನಲ್ಲಿ ಬಕಜಾತಿಗೆಲ್ಲ ಕೊರ್ಂಗು ಎಂದೇ ಹೆಸರು; ಇದನ್ನು ಅವರು “ಆ ಒಂಟಿ ಕೊರ್ಂಗು” ಎಂದರು.

ಮೊದಲನೆಯ ಸಲ ನಾವು ಹೋದದ್ದು ಒಂದು ಭಾನುವಾರ, ಕಾಫಿ ತಿಂಡಿಗಳನ್ನು ಸಾವಕಾಶವಾಗಿ ಮುಗಿಸಿಕೊಂಡು, ಬೆಳಗ್ಗೆ ಹತ್ತು ಗಂಟೆಗೆ. ಹೊಳೆ ತುಂಬಿ ನಿಂತಿತ್ತು. ಕಾಂಡ್ಲದ ಮರಗಳು ಸೊಂಟದವರೆಗೆ ನೀರಿನಲ್ಲಿ ಮುಳುಗಿ ಹಸಿರು ಗುಡ್ಡೆಗಳಂತೆ ತೋರುತ್ತಿದ್ದವು. ಎರಡು ಗಂಟೆಗಳ ಕಾಲ ದೋಣಿಯಲ್ಲಿ ಅಲೆದೆವು. ಬೆಳ್ಳಕ್ಕಿಗಳನ್ನೂ ಒಂದೆರಡು ಮಿಂಚುಳ್ಳಿಗಳನ್ನೂ ಬಿಟ್ಟರೆ ಬೇರೇನೂ ಕಾಣಿಸಲಿಲ್ಲ. ದೋಣಿಯ ಯಜಮಾನರು ನಮ್ಮ ಅವಸ್ಥೆಯನ್ನು ನೋಡಿ, “ಮಾಸ್ಟ್ರೇ, ನೀವು ಬಂದದ್ದು ನಿಮ್ಮ ಗಂಟೆ ನೋಡಿ. ಅದು ಬರುವುದು ಹೊಳೆಯ ಗಂಟೆ ನೋಡಿ” ಎಂದರು.

ಆ ಮಾತಿನಲ್ಲಿ ಈ ಹಕ್ಕಿಯ ಜೀವನರಹಸ್ಯವೆಲ್ಲ ಅಡಗಿದೆ. ಸಾಮಾನ್ಯವಾಗಿ ಪಕ್ಷಿಗಳನ್ನು ನಾವು ಹಗಲಿನವು, ಇರುಳಿನವು ಎಂದು ವಿಂಗಡಿಸುತ್ತೇವೆ. ಅಳಿವೆಯ ಹಸಿರು ಬಕವು ಎರಡೂ ಅಲ್ಲ. ಮುಂಜಾನೆ ಮುಸ್ಸಂಜೆಗಳು ಅದಕ್ಕೆ ಪ್ರಿಯವೆಂಬುದು ನಿಜ. ಆದರೆ ಅದನ್ನು ಆಳುವುದು ಸೂರ್ಯನಿಗಿಂತ ಹೆಚ್ಚಾಗಿ ಚಂದ್ರ. ನೀರಿಳಿದು ಕೆಸರು ತೋರಿದಾಗ, ಅದು ನಡುಹಗಲಾಗಿರಲಿ ನಡುರಾತ್ರಿಯಾಗಿರಲಿ, ಕೊಂಬೆಗಳ ಕತ್ತಲೆಯಿಂದಿಳಿದು ಬೇರುಗಳ ನಡುವೆ ಬೇಟೆಗೆ ನಿಲ್ಲುತ್ತದೆ. ನೀರೇರಿತೆಂದರೆ ಮತ್ತೆ ಒಳಗೆ. ಇಳಿತದ ಹೊತ್ತು ದಿನದಿನಕ್ಕೆ ಸುಮಾರು ಐವತ್ತು ನಿಮಿಷಗಳಂತೆ ಮುಂದಕ್ಕೆ ಸರಿಯುವುದರಿಂದ ಹಕ್ಕಿಯ ದಿನಚರಿಯೂ ಸರಿಯುತ್ತದೆ. ಇಂದು ಆರು ಗಂಟೆಗೆ ಕಂಡ ಜಾಗದಲ್ಲಿ ವಾರದ ನಂತರ ಅದೇ ಆರು ಗಂಟೆಗೆ ಹೋದವನಿಗೆ ಬರಿಯ ನೀರು ಕಾಣುತ್ತದೆ. ಅವನು ಮನೆಗೆ ಬಂದು ಈ ಹಕ್ಕಿ ಬಹಳ ಗುಪ್ತಸ್ವಭಾವದ್ದೆಂದು ಬರೆಯುತ್ತಾನೆ.

ಮೂರನೆಯ ಸಲ ಪಂಚಾಂಗ ನೋಡಿಕೊಂಡು, ಅಮಾವಾಸ್ಯೆ ಕಳೆದ ಕೆಲವು ದಿನಗಳಿಗೆ, ಇಳಿತವು ಬೆಳಗಿನ ಜಾವಕ್ಕೆ ಬೀಳುವಂತೆ ಹೋದೆವು. ಯಜಮಾನರು ದೋಣಿಯನ್ನು ಒಂದು ಕುದ್ರುವಿನ ಮಗ್ಗುಲಿಗೆ ತಂದು ಕೋಲೂರಿ ನಿಲ್ಲಿಸಿದರು. ಮಾತಾಡಕೂಡದೆಂದು ಅಪ್ಪಣೆಯಾಯಿತು; ಅವರು ಬೀಡಿ ಸೇದುವುದಕ್ಕೆ ಮಾತ್ರ ಹಕ್ಕಿಯ ಆಕ್ಷೇಪವಿರಲಿಲ್ಲವೆಂದು ತೋರುತ್ತದೆ. ಕೆಸರಿನ ಮೇಲೆ ಅಂಗೈಯುದ್ದದ ಮೀನುಗಳು ರೆಕ್ಕೆಗಳನ್ನೂರಿ ಕುಪ್ಪಳಿಸುತ್ತಿದ್ದವು. ಕೆಂಪು ಕೊಂಡಿಯ ಸಣ್ಣ ಏಡಿಗಳು ಬಿಲಗಳ ಬಾಯಿಗೆ ಬಂದು ಇಣುಕುತ್ತಿದ್ದವು. ಅರ್ಧ ಗಂಟೆ ನಾವು ನೋಡುತ್ತಿದ್ದ ಒಂದು ಬೂದುಬಣ್ಣದ ಬೇರು ಇದ್ದಕ್ಕಿದ್ದಂತೆ ಕುತ್ತಿಗೆಯನ್ನು ಚಾಚಿ ಒಂದು ಏಡಿಯನ್ನು ಹಿಡಿಯಿತು.

ನಾವು ಅಷ್ಟು ಹೊತ್ತು ನೋಡುತ್ತಿದ್ದುದು ಹಕ್ಕಿಯನ್ನೇ! ಕೊಕ್ಕಿನಿಂದ ಬಾಲದವರೆಗೆ ಒಂದೂವರೆ ಅಡಿಗೆ ತುಸು ಕಡಿಮೆ. ನೆತ್ತಿ ಎಣ್ಣೆಗಪ್ಪು, ಹಿಂದಕ್ಕೆ ಇಳಿದ ಕಪ್ಪು ಜುಟ್ಟು. ಬೆನ್ನು ಬೂದಿಗೆ ಹಸಿರು ಬೆರೆಸಿದಂತೆ, ರೆಕ್ಕೆಯ ಒಂದೊಂದು ಗರಿಗೂ ಮಾಸಲು ಬಿಳಿಯ ಅಂಚು. ಕಣ್ಣು ಹಳದಿ. ಕುತ್ತಿಗೆಯನ್ನು ಭುಜದೊಳಕ್ಕೆ ಎಳೆದುಕೊಂಡು, ಮೈಯನ್ನು ನೆಲಕ್ಕೆ ಸಮಾನಾಂತರವಾಗಿ ಬಗ್ಗಿಸಿ, ಮೊಣಕಾಲು ಮಡಿಸಿ ಕುಳಿತಂತೆ ನಿಲ್ಲುತ್ತದೆ. ನಮ್ಮ ಕಾರ್ಕಳದ ಗೊಮ್ಮಟಸ್ವಾಮಿ ೧೪೩೨ರಿಂದ ನಿಂತಿದ್ದಾನೆ. ಅವನ ಅಚಲತೆಗೆ ಯಾತ್ರಿಕರಿದ್ದಾರೆ. ಇದರ ಅಚಲತೆಗೆ ಯಾರೂ ಇಲ್ಲ. ಹೊಲಗದ್ದೆಗಳ ಬಳಿ ಎಲ್ಲರೂ ಕಂಡಿರುವ ಕೊಳದ ಬಕದೊಡನೆ ಇದನ್ನು ಕಲಸಿಬಿಡುವುದು ಸುಲಭ. ಭೇದವನ್ನು ಹೀಗೆ ನೆನಪಿಡಬಹುದು: ಕೊಳದ ಬಕ ಹಾರಿದೊಡನೆ ಅದರ ಮಣ್ಣುಬಣ್ಣದೊಳಗಿಂದ ಬಿಳಿಯ ರೆಕ್ಕೆಗಳು ಬಿಚ್ಚಿಕೊಳ್ಳುತ್ತವೆ, ಹಸಿರು ಬಕ ಹಾರಿದಾಗ ಎಲ್ಲಿಯೂ ಬಿಳಿ ಕಾಣುವುದಿಲ್ಲ. ಗಾಬರಿಗೊಂಡರೆ ಕ್ಯಾವ್ ಎಂದು ಒಂದೇ ಕರ್ಕಶವಾದ ಕೂಗು ಹಾಕಿ, ನೀರಿನ ಮೇಲೆಯೇ ತಗ್ಗಿ ಹಾರಿ, ಮುಂದಿನ ಕಾಂಡ್ಲದೊಳಗೆ ಸೇರಿಬಿಡುತ್ತದೆ. ಕೀಟ್ಸ್ ಕವಿ ಈ ದನಿಯನ್ನು ಕೇಳಿದ್ದರೆ ಪದ್ಯ ಬರೆಯುತ್ತಿರಲಿಲ್ಲವೆಂಬುದನ್ನು ಒಪ್ಪಬೇಕು.

ಬಕಕ್ಕೆ ನಮ್ಮ ಸಾಹಿತ್ಯದಲ್ಲಿ ಒಳ್ಳೆಯ ಹೆಸರಿಲ್ಲ. ಕಪಟ ಭಕ್ತಿಗೆ ಬಕಧ್ಯಾನವೆನ್ನುತ್ತೇವೆ. ಪಂಚತಂತ್ರದ ಮುದಿಬಕವು ಕೆರೆ ಬತ್ತುವುದೆಂದು ಮೀನುಗಳನ್ನು ನಂಬಿಸಿ ಒಂದೊಂದನ್ನೇ ಒಯ್ದು ತಿಂದು, ಕಡೆಗೆ ಏಡಿಯ ಕೊಂಡಿಗೆ ಕೊರಳು ಕೊಟ್ಟಿತು. ಕಥೆಯ ಕಡೆಯ ಭಾಗಕ್ಕೆ ಶಾಂಭವಿಯಲ್ಲಿ ನಮಗೆ ಆಧಾರ ಸಿಗಲಿಲ್ಲ. ಅಲ್ಲಿ ಗೆದ್ದದ್ದು ಬಕವೇ. ಆದರೆ ಮೀನನ್ನು ನಂಬಿಸುವ ಮೊದಲ ಭಾಗ ಸುಳ್ಳಲ್ಲ. ಜಪಾನಿನ ಕುಮಾಮೊಟೊ ನಗರದ ಸುಯಿಜೆಂಜಿ ಉದ್ಯಾನದ ಕೊಳದಲ್ಲಿ ಇದೇ ಜಾತಿಯ ಬಕಗಳು ನೊಣವನ್ನೋ ಎರೆಹುಳುವನ್ನೋ ಗರಿಯ ತುಂಡನ್ನೋ ನೀರಿನ ಮೇಲೆ ತೇಲಬಿಟ್ಟು, ತಿನ್ನಲು ಬಂದ ಮೀನನ್ನು ಹಿಡಿಯುವುದನ್ನು ಹಿಗುಚಿ ಎಂಬ ವಿದ್ವಾಂಸರು ಕೂಲಂಕಷವಾಗಿ ನೋಡಿ ೧೯೮೬ರಲ್ಲಿ ಪ್ರಕಟಿಸಿದರು. ಮೀನು ಬಾರದಿದ್ದರೆ ಗಾಳವನ್ನು ಮತ್ತೆ ಎತ್ತಿಕೊಂಡು ಬೇರೆ ಕಡೆ ಹಾಕುವುದೂ ಉಂಟಂತೆ. ಯಜಮಾನರಿಗೆ ಇದನ್ನು ಹೇಳಿದೆವು. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. “ನಮ್ಮದಕ್ಕೆ ಆ ಕಷ್ಟ ಬೇಡ. ಮೀನು ಕಾಂಡ್ಲಕ್ಕೆ ತಾನಾಗಿಯೇ ಬರ್ತದೆ” ಎಂದರು.

ಇದು ಉತ್ಪ್ರೇಕ್ಷೆಯಲ್ಲ. ಕಾಂಡ್ಲದ ಮರ ಕಾಲೂರಿ ನಿಂತ ಹಾಗೆ ಬುಡದ ಮೇಲಿನಿಂದ ಕಮಾನು ಬೇರುಗಳನ್ನು ಇಳಿಬಿಡುತ್ತದೆ. ಉಪ್ಪಟ್ಟಿಯ ಜಾತಿಯ ಮರಗಳಾದರೋ ಕೆಸರಿನಿಂದ ಮೇಲಕ್ಕೆ ಪೆನ್ಸಿಲಿನಂಥ ಉಸಿರುಬೇರುಗಳನ್ನು ಸಾವಿರಗಟ್ಟಲೆ ಚಾಚುತ್ತವೆ, ಗಾಳಿಯಿಲ್ಲದ ಕೆಸರಿನಲ್ಲಿ ಬದುಕಬೇಕಷ್ಟೆ. ಈ ಬೇರುಗಳ ಜಾಲದೊಳಕ್ಕೆ ದೊಡ್ಡ ಮೀನು ನುಗ್ಗಲಾರದು. ಉದುರಿದ ಎಲೆ ಕೊಳೆತು ಅಲ್ಲಿ ಆಹಾರ ಯಥೇಚ್ಛವಾಗುತ್ತದೆ. ಆದುದರಿಂದ ಅನೇಕ ಜಾತಿಯ ಮೀನುಗಳಿಗೂ ಸಿಗಡಿಗಳಿಗೂ ಇದು ಬಾಲ್ಯದ ಮನೆ. ಕಾಂಡ್ಲದ ಸಂತಾನಕ್ರಮವೂ ವಿಲಕ್ಷಣವಾದುದು. ಬೀಜ ಮರದಲ್ಲಿಯೇ ಮೊಳೆತು, ಒಂದಡಿಗಿಂತಲೂ ಉದ್ದನಾದ ಹಸಿರು ಕೋಲಾಗಿ ಜೋತಾಡಿ, ಕಡೆಗೆ ಕಳಚಿ ಬಿದ್ದು ಕೆಸರಿನಲ್ಲಿ ನಾಟಿಕೊಳ್ಳುತ್ತದೆ. ಇಲ್ಲವೆ ತೇಲಿಹೋಗಿ ಎಲ್ಲಿ ತಡೆ ಸಿಕ್ಕಿತೋ ಅಲ್ಲಿ ಬೇರೂರುತ್ತದೆ. ಹಸಿರು ಬಕವು ಕಡ್ಡಿಗಳ ಒರಟು ಅಟ್ಟಣೆಯನ್ನು ಗೂಡೆಂದು ಕರೆದು ಈ ಮರಗಳಲ್ಲಿಯೇ ಕಟ್ಟಿ, ಮಸಕು ನೀಲಿಹಸಿರಿನ ಮೊಟ್ಟೆಗಳನ್ನಿಡುತ್ತದೆ. ಮನೆಯೂ ಅಂಗಡಿಯೂ ಮರೆಯೂ ಅದಕ್ಕೆ ಒಂದೇ ಮರ.

ಈಗ ನಮ್ಮ ಕುಟುಂಬದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ನಮ್ಮ ತಾಯಿಯ ತವರು ಇದೇ ಶಾಂಭವಿಯ ದಡದಲ್ಲಿತ್ತು. ಹಿತ್ತಿಲ ಕೆಳಗೆ ಇಪ್ಪತ್ತು ಸೆಂಟ್ಸಿನಷ್ಟು ಕಾಂಡ್ಲವಿತ್ತು. ಬೇಸಗೆಯ ರಜೆಯಲ್ಲಿ ನಾವು ಮಕ್ಕಳು ಅಲ್ಲಿ ಮರ್ವಾಯಿ ಹೆಕ್ಕುತ್ತಿದ್ದೆವು. ೧೯೮೯ರಲ್ಲಿ ನಮ್ಮ ಸೋದರಮಾವ, ತುಳುವಿನಲ್ಲಿ ತಮ್ಮಲೆ ಎನ್ನುತ್ತೇವೆ, ಅದನ್ನು ಕಡಿಸಿ, ಕೆಂಪುಕಲ್ಲಿನ ದಂಡೆ ಕಟ್ಟಿಸಿ, ಮಣ್ಣು ತುಂಬಿಸಿ ತೆಂಗಿನ ಸಸಿ ಇಟ್ಟರು. ಅವರನ್ನು ದೂರುವುದು ನ್ಯಾಯವಲ್ಲ. ಉಪ್ಪುನೀರು ನುಗ್ಗಿ ಎರಡು ಸಲ ಅವರ ಗದ್ದೆ ಹಾಳಾಗಿತ್ತು. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರು. ಕಾಂಡ್ಲವೆಂದರೆ ಹಾವು, ಸೊಳ್ಳೆ, ಪ್ರಯೋಜನವಿಲ್ಲದ ಕೆಸರು ಎಂಬುದು ಊರಿಗೆ ಊರೇ ಒಪ್ಪಿದ ಮಾತಾಗಿತ್ತು. ಕಡಿದ ಸೌದೆಯನ್ನು ಹೊತ್ತವರಲ್ಲಿ ನಾವೂ ಒಬ್ಬರು. ಅಂದು ಕೊಂಬೆಗಳ ನಡುವೆ ಕಡ್ಡಿಗಳ ಒಂದು ಅಟ್ಟಣೆ ಸಿಕ್ಕಿತ್ತು. ಕಾಗೆಯ ಗೂಡೆಂದು ಹೊಳೆಗೆ ಎಸೆದೆವು. ಅದು ನಿಜವಾಗಿ ಯಾರ ಗೂಡಾಗಿತ್ತೆಂಬುದನ್ನು ಈಗ ನಿರ್ಧರಿಸುವುದು ಸಾಧ್ಯವಿಲ್ಲ. ಆದರೆ ಯಜಮಾನರ ದೋಣಿಯಲ್ಲಿ ಕುಳಿತಿದ್ದಾಗ ಮೊದಲು ನೆನಪಿಗೆ ಬಂದದ್ದು ಅದೇ.

ಮರುವರ್ಷ ಕಳೆದು ೧೯೯೧ರಲ್ಲಿ ಭಾರತ ಸರ್ಕಾರದ ಕರಾವಳಿ ನಿಯಂತ್ರಣ ವಲಯದ ಆಜ್ಞೆ ಹೊರಟಿತು. ಕಾಂಡ್ಲಕಾಡುಗಳಿಗೆ ಅದರಲ್ಲಿ ಅತ್ಯಂತ ಸೂಕ್ಷ್ಮವಾದ ಒಂದನೆಯ ವರ್ಗದ ಸ್ಥಾನ ದೊರೆಯಿತು. ೨೦೧೧ರಲ್ಲಿಯೂ ೨೦೧೯ರಲ್ಲಿಯೂ ಆಜ್ಞೆ ಪರಿಷ್ಕೃತವಾಯಿತು. ಕಾಂಡ್ಲವು ಒಂದು ಸಾವಿರ ಚದರ ಮೀಟರಿಗೆ ಮಿಕ್ಕಿದ್ದರೆ ಅದರ ಸುತ್ತ ಐವತ್ತು ಮೀಟರಿನ ರಕ್ಷಣೆಯ ಅಂಚು ಬಿಡಬೇಕೆಂದು ವಿಧಿ. ಸಾವಿರ ಚದರ ಮೀಟರೆಂದರೆ ನಮ್ಮ ಕಡೆಯ ಲೆಕ್ಕದಲ್ಲಿ ಇಪ್ಪತ್ತೈದು ಸೆಂಟ್ಸಿಗೆ ಒಂದು ಕೂದಲು ಕಡಿಮೆ. ನಮ್ಮ ಮಾವನವರದು ಇಪ್ಪತ್ತು. ಇಂದು ಅದು ಉಳಿದಿದ್ದರೂ ಅದಕ್ಕೆ ಆ ಅಂಚಿನ ಭಾಗ್ಯವಿರುತ್ತಿರಲಿಲ್ಲ.

ಇನ್ನೊಂದು ಲೆಕ್ಕವನ್ನೂ ನೋಡಬೇಕು. ಭಾರತದ ಅರಣ್ಯ ಸಮೀಕ್ಷೆಯ ೨೦೨೧ರ ವರದಿಯಂತೆ ದೇಶದಲ್ಲಿರುವ ಕಾಂಡ್ಲಕಾಡು ೪,೯೯೨ ಚದರ ಕಿಲೋಮೀಟರು. ಅದರಲ್ಲಿ ಪಶ್ಚಿಮ ಬಂಗಾಳದ ಪಾಲು ೨,೧೧೪. ಕರ್ನಾಟಕದ ಪಾಲು ೧೩. ಹದಿಮೂರೆಂದರೆ ಹೆಚ್ಚೇನೂ ಅಲ್ಲವೆಂದು ನೀವು ಹೇಳುವಿರಿ. ಹಾಗಾದರೆ ಈ ಹದಿಮೂರು ಹೇಗೆ ಬಂತೆಂಬುದನ್ನು ಕೇಳಿ. ಆಕಾಶದಲ್ಲಿ ತಿರುಗುವ ಉಪಗ್ರಹವು ತೆಗೆದ ಚಿತ್ರಗಳಿಂದ ಆ ಸಮೀಕ್ಷೆ ನಡೆಯುತ್ತದೆ, ಒಂದು ಹೆಕ್ಟೇರಿಗಿಂತ, ಅಂದರೆ ಸುಮಾರು ಎರಡೂವರೆ ಎಕರೆಗಿಂತ ಕಡಿಮೆಯ ತುಂಡು ಅದರ ನಕ್ಷೆಗೆ ಬೀಳುವುದಿಲ್ಲ. ಬಂಗಾಳದ ಕಾಡು ದಿಗಂತದವರೆಗೆ ಹಬ್ಬಿದ್ದು. ಅದಕ್ಕೆ ಈ ಅಳತೆ ಸಾಕು. ನಮ್ಮ ಕಾಂಡ್ಲವಾದರೋ ಕುಂದಾಪುರದ ಪಂಚಗಂಗಾವಳಿಯಂಥ ಕೆಲವು ಕಡೆಗಳನ್ನು ಬಿಟ್ಟರೆ ಒಂದು ಕುದ್ರುವಿನ ಅಂಚು, ಒಬ್ಬರ ಹಿತ್ತಿಲ ಕೆಳಗು, ಒಂದು ಸೇತುವೆಯ ಮಗ್ಗುಲು, ಹೀಗೆ ಹರಕುಹರಕಾಗಿ ಉಳಿದಿರುವುದು. ಹಸಿರು ಬಕಕ್ಕೆ ಇಂಥ ಹರಕೇ ಸಾಕು. ಅದು ಗುಂಪುಕಟ್ಟುವ ಹಕ್ಕಿಯಲ್ಲ. ಒಂದೊಂದು ತುಂಡಿನಲ್ಲಿ ಒಂದೊಂದು ಹಕ್ಕಿ ತನ್ನ ಗಡಿಯನ್ನು ಕಾಯ್ದುಕೊಂಡಿರುತ್ತದೆ. ಕಾಣದ ಹಕ್ಕಿಯು ಲೆಕ್ಕಕ್ಕೆ ಬಾರದ ಕಾಡಿನಲ್ಲಿದೆ. ಅಂಥ ಒಂದು ತುಂಡು ಹೋದರೆ ಯಾವ ವರದಿಯಲ್ಲಿಯೂ ಒಂದು ಅಂಕಿ ಬದಲಾಗುವುದಿಲ್ಲ. ಹಕ್ಕಿ ಪ್ರಪಂಚದಲ್ಲಿ ಹೇರಳವಾಗಿದೆ, ಚಿಂತೆಗೆ ಕಾರಣವಿಲ್ಲ ಎಂಬ ಷರಾ ಗ್ರಂಥದಲ್ಲಿ ಹಾಗೆಯೇ ಇರುತ್ತದೆ. ಶಾಂಭವಿಯಲ್ಲಿ ಮಾತ್ರ ಇರುವುದಿಲ್ಲ.

ಇಂಥ ಬಿಟ್ಟುಹೋಗುವಿಕೆ ನಮ್ಮ ಕರಾವಳಿಗೆ ಹೊಸದಲ್ಲ. ೧೯೩೯-೪೦ರಲ್ಲಿ ಸಾಲಿಂ ಆಲಿಯವರು ಮೈಸೂರು ಸಂಸ್ಥಾನದ ಆಶ್ರಯದಲ್ಲಿ ಸಂಸ್ಥಾನದ ಪಕ್ಷಿಗಳನ್ನು ಕ್ರಮವಾಗಿ ಸಮೀಕ್ಷೆಮಾಡಿದರು. ನಮ್ಮ ದಕ್ಷಿಣ ಕನ್ನಡವು ಆಗ ಮದ್ರಾಸಿನ ಪ್ರಾಂತಕ್ಕೆ ಸೇರಿತ್ತಾದ್ದರಿಂದ, ಘಟ್ಟದ ಕೆಳಗಿನ ಅಳಿವೆಗಳು ಆ ಸಮೀಕ್ಷೆಯ ಗಡಿಯಿಂದ ಹೊರಗುಳಿದವು. ಆ ಮಹನೀಯರು ಶಾಂಭವಿಯಲ್ಲಿ ಒಂದು ವಾರ ದೋಣಿಯಲ್ಲಿ ಕುಳಿತಿದ್ದರೆ ಏನೇನು ಬರೆದಿಡುತ್ತಿದ್ದರೋ ಎಂದು ನಾವು ಆಗಾಗ ಯೋಚಿಸುವುದುಂಟು.

ಆ ಹುಡುಗ ಈಗ ಪದವಿ ಮುಗಿಸಿ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹಕ್ಕಿಯನ್ನು ಕಂಡ ಮರುದಿನ ಅವನಿಗೆ ತರಗತಿಯಲ್ಲಿ, ನೋಡಿದೆವಪ್ಪ ಎಂದು ಹೇಳಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: “ಎಷ್ಟು ಹೊತ್ತು ನೋಡಿದಿರಿ ಸರ್?” ಎರಡು ಗಂಟೆ ಎಂದೆವು. ಅವನಿಗೆ ಅದು ಕಡಿಮೆಯೆಂದು ತೋರಿದಂತಿತ್ತು.

ಹೋದ ಬೇಸಗೆಯಲ್ಲಿ ನಾವು ಮತ್ತೆ ಆ ದಡಕ್ಕೆ ಹೋಗಿದ್ದೆವು. ಮಾವನವರು ತೀರಿಕೊಂಡಿದ್ದಾರೆ. ಅವರು ಇಟ್ಟ ತೆಂಗುಗಳು ಉಪ್ಪು ತಾಗಿ ಅಷ್ಟಕ್ಕಷ್ಟೆ. ದಂಡೆ ಒಂದು ಕಡೆ ಜರಿದು ಬಿದ್ದಿದೆ. ಜರಿದ ಕಲ್ಲುಗಳ ಸಂದಿಯಲ್ಲಿ ಎಲ್ಲಿಂದಲೋ ತೇಲಿಬಂದ ಕಾಂಡ್ಲದ ಮೊಳಕೆಗಳು ಸಿಕ್ಕಿಕೊಂಡು ಬೇರೂರಿವೆ. ಎಣಿಸಿದೆವು, ಏಳು ಸಸಿಗಳು, ಎಲ್ಲಕ್ಕಿಂತ ಎತ್ತರದ್ದು ನಮ್ಮ ಎದೆಮಟ್ಟ. ಮನೆಯ ಈಗಿನ ಯಜಮಾನ ಮಾವನ ಮಗ, ನಮಗೆ ಭಾವನಾಗಬೇಕು. ಮಳೆಗಾಲ ಮುಗಿದ ಮೇಲೆ ಕಾಂಕ್ರೀಟಿನ ಗೋಡೆ ಎಬ್ಬಿಸುವ ಯೋಚನೆ ಅವನದು. “ಬಾವ, ಆ ಏಳು ಸಸಿಗಳನ್ನು ಬಿಟ್ಟು ಒಳಗಿನಿಂದ ಕಟ್ಟು” ಎಂದು ಹೇಳಿದೆವು. ಒಳಗಿನಿಂದ ಕಟ್ಟಿದರೆ ಎರಡು ಸೆಂಟ್ಸು ಹೋಗುತ್ತದೆ ಎಂದ. ಹೋಗುತ್ತದೆ ಎಂದು ಒಪ್ಪಿದೆವು. ಅವನು ಇನ್ನೂ ಉತ್ತರ ಕೊಟ್ಟಿಲ್ಲ.